ನಾಮಿನೇಷನ್ ಬಂದಿದೆ, ಆದರೆ ನಮ್ಮ ಸೌಂಡ್ ರೆಕಾರ್ಡಿಸ್ಟ್ ಹೆಸರಿಲ್ಲ. ಸಮಾರಂಭಕ್ಕೆ ಹೋಗಲಾ, ಬೇಡವಾ?

ಪ್ರಶ್ನೆ (ಮೊದಲ ಸಿನಿಮಾ)

ನನ್ನ ಮೊದಲ ಸಿನಿಮಾಗೆ ಒಂದು ಖಾಸಗಿ ಪ್ರಶಸ್ತಿಯಲ್ಲಿ ಎರಡು ನಾಮಿನೇಷನ್ ಸಿಕ್ಕಿವೆ: ಚೊಚ್ಚಲ ನಿರ್ದೇಶನ, ಪೋಷಕ ನಟಿ. ತುಂಬಾ ಖುಷಿಯಾಗಿದೆ. ಥಿಯೇಟರಲ್ಲಿ ಒಂದೇ ವಾರ ಇದ್ದ ಸಿನಿಮಾ ಇದು. ಇಷ್ಟು ದಿನ ಉತ್ತರವನ್ನೇ ಕೊಡದ ಒಂದು ಓಟಿಟಿಯವರು ಪಟ್ಟಿ ಬಂದ ಮೇಲೆ ತಾವಾಗೇ ಫೋನ್ ಮಾಡಿದರು.

ಆದರೆ ತೀರ್ಥಹಳ್ಳಿ ಹತ್ತಿರ, ಮಳೆಗಾಲದಲ್ಲಿ, ಪೂರ್ತಿ ಸಿಂಕ್ ಸೌಂಡ್‌ನಲ್ಲಿ, ಅಂದರೆ ಮಾತು, ಶಬ್ದ ಎಲ್ಲಾ ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಮಾಡಿ, ತೆಗೆದ ಸಿನಿಮಾ ಅಲ್ವಾ ಇದು? ನಮ್ಮ ರೆಕಾರ್ಡಿಸ್ಟ್ ನಟಿಯ ಸೀರೆ ನೆರಿಗೆಯೊಳಗೆ ಮೈಕ್ ಬಚ್ಚಿಡುತ್ತಿದ್ದರು. ಟೇಕ್‌ಗೆ ಮೊದಲು ಮನೆಯವರ ಫ್ರಿಜ್ ಆಫ್ ಮಾಡಿ, ಆಮೇಲೆ ಆನ್ ಮಾಡೋದು ಮರೀಬಾರದು ಅಂತ ತಮ್ಮ ಗಾಡಿ ಕೀಲಿಯನ್ನು ಅದರೊಳಗೇ ಇಡುತ್ತಿದ್ದರು. ಪೋಷಕ ನಟಿಗೆ ನಾಮಿನೇಷನ್ ತಂದ ದೃಶ್ಯದಲ್ಲಿ ಆಕೆ ಮಾತು ಅರ್ಧಕ್ಕೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾರೆ. ಹೊರಗೆ ಅಡಿಕೆ ತೋಟದ ಮೇಲೆ ಮಳೆ. ಆಮೇಲೆ ಸ್ಟುಡಿಯೋದಲ್ಲಿ ಮಾತು ಸೇರಿಸೋ ಡಬ್ಬಿಂಗ್‌ನಲ್ಲಿ ಆ ಉಸಿರು ಮತ್ತೆ ಸಿಗುತ್ತಿರಲಿಲ್ಲ.

ಆ ಪ್ರಶಸ್ತಿಯಲ್ಲಿ ಸೌಂಡ್‌ಗೆ ವಿಭಾಗವೇ ಇಲ್ಲ. ರೆಕಾರ್ಡಿಸ್ಟ್‌ಗೆ ಫೋನ್ ಮಾಡಿದರೆ ಅವರು "ಹೋಗ್ಬನ್ನಿ ಮೇಡಂ" ಅಂದರು. ನನಗೇ ಮನಸ್ಸು ಒಪ್ಪುತ್ತಿಲ್ಲ.

ಎಡಿಟಿಂಗ್ ಟೇಬಲ್

ಖಂಡಿತ ಹೋಗಿ. ನೀವು ಬಿಟ್ಟರೆ ಅವರಿಗೆ ಅದರಿಂದ ಏನೂ ಸಿಗಲ್ಲ, ನಟಿಯ ಖುಷಿಗೂ ಕಲ್ಲು ಬೀಳುತ್ತೆ. ಇದು ನಮ್ಮಲ್ಲಿ ಮಾತ್ರ ಇರೋ ಕಥೆಯೂ ಅಲ್ಲ. 2022ರ ಆಸ್ಕರ್‌ನಲ್ಲಿ ಸೌಂಡ್, ಎಡಿಟಿಂಗ್ ಸೇರಿ ಎಂಟು ಪ್ರಶಸ್ತಿಗಳನ್ನು ನೇರ ಪ್ರಸಾರ ಶುರುವಾಗೋ ಮೊದಲೇ ಕೊಟ್ಟು ಮುಗಿಸಿದರು. ಆ ರಾತ್ರಿ ನನಗೆ ನಿಜವಾಗಿ ಬೇಜಾರಾಗಿತ್ತು.

ಬೂಮ್ ಹಿಡಿಯೋನು

ನಾನು ಲೊಕೇಶನ್ ಸೌಂಡ್‌ನಲ್ಲೇ ಕೆಲಸ ಮಾಡೋದು, ಉದ್ದ ಕೋಲಿನ ಮೈಕ್ (ಬೂಮ್) ಹಿಡಿಯೋದು. ವಿಭಾಗ ಇದ್ದರೂ ಸಾಲದು, ತೀರ್ಪು ಕೊಡೋರಿಗೆ ಕೆಲಸ ಗೊತ್ತಿರಬೇಕು. 2022ರ ಜುಲೈನಲ್ಲಿ 68ನೇ ರಾಷ್ಟ್ರಪ್ರಶಸ್ತಿ ಘೋಷಣೆ ಆದಾಗ ಲೊಕೇಶನ್ ಸೌಂಡ್ ಪ್ರಶಸ್ತಿ ನಮ್ಮ ಕನ್ನಡದ 'ಡೊಳ್ಳು'ಗೆ ಬಂತು. ಅದು ಸಿಂಕ್ ಸೌಂಡ್ ಸಿನಿಮಾಗಳಿಗೇ ಅಂತ ಇದ್ದ ವಿಭಾಗ. 'ಡೊಳ್ಳು' ಡಬ್ ಆದ ಸಿನಿಮಾ ಅಂತ ಆಸ್ಕರ್ ಗೆದ್ದ ಸೌಂಡ್ ತಂತ್ರಜ್ಞ ರಸೂಲ್ ಪೂಕುಟ್ಟಿ ಬರೆದರು, ಸಿನಿಮಾದ ಸೌಂಡ್ ಡಿಸೈನರ್ ಕೂಡ ಹೌದು ಅಂದರು. ಸಿನಿಮಾ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ವರ್ಷ ತೋಟದಲ್ಲಿ, ಬಸ್‌ಸ್ಟ್ಯಾಂಡಲ್ಲಿ ನಿಂತು ರೆಕಾರ್ಡ್ ಮಾಡಿದವರ ಗತಿ ಏನು? ಈಗ ಆ ವಿಭಾಗವೂ ಇಲ್ಲ, ಎಲ್ಲಾ ಸೇರಿ ಸೌಂಡ್ ಡಿಸೈನ್ ಅಂತ ಒಂದೇ ಪ್ರಶಸ್ತಿ. ಆಸ್ಕರ್‌ನವರೂ ಎರಡು ಸೌಂಡ್ ವಿಭಾಗಗಳನ್ನು 2021ರಲ್ಲಿ ಒಂದು ಮಾಡಿದರು. ಆದರೆ ಅಲ್ಲಿ ಸೆಟ್ಟಿನಲ್ಲಿ ರೆಕಾರ್ಡ್ ಮಾಡಿದವರ ಹೆಸರೂ ಆ ಪಟ್ಟಿಯಲ್ಲಿ ಬರುತ್ತೆ. ನಮಗೆ ಬೇಕಾಗಿರೋದು ಅಷ್ಟೇ.

ಸಣ್ಣ ಬಜೆಟ್

ನಿರ್ಮಾಪಕನಾಗಿ ಹೇಳ್ತೀನಿ, ಮೊದಲು ಓಟಿಟಿ ಮಾತುಕತೆ ಮುಗಿಸಿ. ನಾಮಿನೇಷನ್ ಬಿಸಿ ಜಾಸ್ತಿ ದಿನ ಇರಲ್ಲ. ದುಡ್ಡು ಬಂದರೆ ರೆಕಾರ್ಡಿಸ್ಟ್ ಬಾಕಿ ಮೊದಲು ಕೊಡಿ.

ಪ್ರಶ್ನೆ ಕೇಳಿದವಳು

ಬಾಕಿ ಏನೂ ಇಲ್ಲ, ಶೂಟಿಂಗ್ ಮುಗಿದಾಗಲೇ ಕೊಟ್ಟಿದ್ದೇವೆ. ದುಡ್ಡು ಕೊಟ್ಟ ಮಾತ್ರಕ್ಕೆ ಅವರ ಕೆಲಸದ ಲೆಕ್ಕ ಮುಗೀತು ಅಂತ ನನಗೆ ಅನ್ನಿಸಲ್ಲ.

ಹೋಗ್ತೀನಿ. ಗೆದ್ದರೆ ಅವರ ಹೆಸರನ್ನೇ ಮೊದಲು ಹೇಳ್ತೀನಿ. ಆದರೆ ಗೆಲ್ಲದಿದ್ದರೆ ಆ ಮಾತು ನನ್ನ ಬಾಯಲ್ಲೇ ಉಳಿಯುತ್ತೆ. ಅದಕ್ಕೆ ಎರಡು ಕೆಲಸ ಈಗಲೇ ಮಾಡ್ತಿದ್ದೀನಿ. ನಾಮಿನೇಷನ್ ಪೋಸ್ಟರಲ್ಲಿ ರೆಕಾರ್ಡಿಸ್ಟ್ ಮತ್ತು ಬೂಮ್ ಹುಡುಗನ ಹೆಸರು ನನ್ನ ಹೆಸರಿನಷ್ಟೇ ದಪ್ಪ ಇರುತ್ತೆ. ಸೌಂಡ್ ವಿಭಾಗ ಬೇಕು ಅಂತ ಪ್ರಶಸ್ತಿಯವರಿಗೆ ಪತ್ರ ಬರೆದಿದ್ದೀನಿ. ಬೂಮ್ ಹಿಡಿಯೋರೇ, ನೀವೂ ಸಹಿ ಹಾಕ್ತೀರಾ?

ಬೂಮ್ ಹಿಡಿಯೋನು

ಹಾಕ್ತೀನಿ. ನಮ್ಮವರು ಇನ್ನೂ ಕೆಲವರಿದ್ದಾರೆ, ಶನಿವಾರದವರೆಗೆ ಟೈಮ್ ಕೊಡಿ. ಪತ್ರದಲ್ಲಿ ಬರೀ 'ಸೌಂಡ್' ಅಂತ ಬರೀಬೇಡಿ, 'ಲೊಕೇಶನ್ ಸೌಂಡ್' ಅಂತಲೇ ಬರೀರಿ.