ಗ್ಲೇಜ್ ಒಣಗಿದ ಮೇಲೆ ಅಂಚಿನಲ್ಲಿ ಗೆರೆ ಉಳಿಯುತ್ತಿದೆ, ನಿಮ್ಮ ಅನುಭವ ಹೇಳಿ

ಪ್ರಶ್ನೆ: 28 ಮಿ.ಮೀ. ಸೈನಿಕನ ಬೊಂಬೆಗೆ ಕೆಂಪು ಮೇಲಂಗಿ ಬಳಿಯುತ್ತಿದ್ದೇನೆ. ನೆರಳಿಗೆಂದು ಗ್ಲೇಜ್ (ಕೆಳಗಿನ ಬಣ್ಣ ಕಾಣುವಷ್ಟು ತೆಳುವಾದ ಬಣ್ಣದ ಪದರ) ಹಚ್ಚಿದರೆ ಅಂಚಿನಲ್ಲಿ ಕಪ್ಪು ಉಂಗುರ ನಿಲ್ಲುತ್ತದೆ, ನಡುವೆ ಬಣ್ಣವೇ ಇರುವುದಿಲ್ಲ. ಇನ್ನೂ ತೆಳು ಮಾಡಬೇಕಾ?

ಉತ್ತರ: ಬೇಡ, ತೆಳು ಸಾಕು. ಬ್ರಷ್‌ನಲ್ಲಿ ನೀರು ಜಾಸ್ತಿಯಾಗಿದೆ. ನನಗೂ ಎಷ್ಟೋ ತಿಂಗಳು ಹೀಗೇ ಆಗುತ್ತಿತ್ತು. ಬೊಂಬೆಯ ಮೇಲೆ ಹನಿ ನಿಂತರೆ ಅದರ ಅಂಚು ಮೊದಲು ಒಣಗುತ್ತದೆ. ಒಳಗಿನ ನೀರು ಅತ್ತ ಹರಿಯುತ್ತಾ ಬಣ್ಣವನ್ನೂ ಜೊತೆಗೆ ಒಯ್ಯುತ್ತದೆ. ಅದೇ ನಿಮ್ಮ ಉಂಗುರ.

ನಾನು ಒಂದು ಪಾಲು ಬಣ್ಣಕ್ಕೆ ನಾಲ್ಕು ಪಾಲು ಗ್ಲೇಜ್ ಮೀಡಿಯಂ (ಬಣ್ಣವನ್ನು ತೆಳುವಾಗಿಸುವ, ತನಗೆ ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಹಾಕುತ್ತೇನೆ. ನೀರು ಒಂದೆರಡು ಹನಿ ಅಷ್ಟೇ. ಬರೀ ನೀರಾದರೆ ಬಣ್ಣವನ್ನು ಹಿಡಿದಿಡುವ ಅಕ್ರಿಲಿಕ್ ಅಂಟಿನ ಬಲವೂ ಹೋಗುತ್ತದೆ. ಬ್ರಷ್ ಅದ್ದಿದ ಮೇಲೆ ಅದರ ಹೊಟ್ಟೆಯನ್ನು ಟಿಶ್ಯೂಗೆ ಒತ್ತಿ. ಆಮೇಲೆ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ. ಗೆರೆ ಎಳೆದಲ್ಲೇ ನಿಂತರೆ ಸರಿ. ಉಗುರಿನ ಬದಿಗೆ ಓಡಿತೋ, ಇನ್ನೊಮ್ಮೆ ಟಿಶ್ಯೂಗೆ ಒತ್ತಿ. ವಾಶ್, ಅಂದರೆ ನೀರುನೀರಾದ ಬಣ್ಣ, ಹರಿದು ಸಂದಿಗೆ ಇಳಿಯಬೇಕು, ಗ್ಲೇಜ್ ಹರಿಯಲೇಬಾರದು. ಇದೊಂದು ತಿಳಿದ ದಿನ ನನ್ನ ಕೆಲಸವೇ ಬದಲಾಯಿತು.

ಎಳೆಯುವ ದಿಕ್ಕೂ ಮುಖ್ಯ. ಬ್ರಷ್ ಎತ್ತುವ ಕಡೆ ಬಣ್ಣ ಹೆಚ್ಚು ಕೂರುತ್ತದೆ. ಹಾಗಾಗಿ ನೆರಳಿಗೆ ಮಡಿಕೆಯ ಉಬ್ಬಿನ ಕಡೆಯಿಂದ ಆಳಕ್ಕೆ ಎಳೆಯಿರಿ, ಬೆಳಕಿಗೆ ಆಳದಿಂದ ಉಬ್ಬಿಗೆ. ಪ್ರತಿ ಪದರವನ್ನೂ ಹಿಂದಿನದಕ್ಕಿಂತ ಸ್ವಲ್ಪ ಚಿಕ್ಕ ಜಾಗಕ್ಕೆ ಹಚ್ಚಿ. ಮೊದಲ ಪದರ ಕಣ್ಣಿಗೆ ಕಾಣುವುದೇ ಕಷ್ಟ, ಹೆದರಬೇಡಿ. ನಾಲ್ಕೈದಾದ ಮೇಲೆ ಮಡಿಕೆ ತಾನಾಗಿ ಆಳವಾಗುತ್ತದೆ.

ಇನ್ನೊಬ್ಬರು: ಮೇಲಿನದೆಲ್ಲ ಸರಿ. ಬಣ್ಣದ ಬಗ್ಗೆ ನನ್ನದೊಂದು ಮಾತು. ಕೆಂಪಿನ ನೆರಳಿಗೆ ಕಪ್ಪು ಬೆರೆಸಬೇಡಿ, ಮಂಕಾಗುತ್ತದೆ. ನಾನು ಗಾಢ ನೇರಳೆ ಬಳಸುತ್ತೇನೆ. ಹೈಲೈಟ್‌ಗೆ, ಅಂದರೆ ಬೆಳಕು ಬೀಳುವ ಉಬ್ಬಿಗೆ, ಬಿಳಿ ಬೆರೆಸಿದರೆ ಗುಲಾಬಿ ಆಗಿಬಿಡುತ್ತದೆ ಅಲ್ವಾ, ಅದಕ್ಕೆ ಕಿತ್ತಳೆ ಹಾಕಿ. ಹೈಲೈಟ್ ತೀರಾ ಎದ್ದು ಕಂಡರೆ ಮೂಲ ಕೆಂಪಿನದೇ ಒಂದು ಗ್ಲೇಜ್ ಎಲ್ಲದರ ಮೇಲೆ ಎಳೆಯಿರಿ. ಪದರಗಳ ನಡುವಿನ ಗಡಿ ಮೆತ್ತಗಾಗುತ್ತದೆ.

ಮತ್ತೊಬ್ಬರು: ಸಣ್ಣ ಜಾಗ ಅಂತ 000 ನಂಬರಿನ ತೀರಾ ಸಣ್ಣ ಬ್ರಷ್ ಹಿಡಿಯಬೇಡಿ. ತುದಿಯಲ್ಲೇ ಬಣ್ಣ ಒಣಗುತ್ತದೆ. ಮೊನೆ ಚೂಪಾಗಿರುವ 1 ಅಥವಾ 2 ಸಾಕು. ಅರೆ ಒಣಗಿದ ಪದರವನ್ನು ಸುಮ್ನೆ ಕೂಡ ಮುಟ್ಟಬೇಡಿ, ಕಿತ್ತು ಬರುತ್ತದೆ. ಮೀಡಿಯಂನಿಂದ ಹೊಳಪು ಬಂದರೆ ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮೇಲಂಗಿಯ ಹಿಂಬದಿಯಲ್ಲಿ ಮಾಡಿ ನೋಡಿದೆ. ಐದನೆಯ ಪದರಕ್ಕೆ ಎಡಗಡೆಯ ಮಡಿಕೆ ನಿಜವಾದ ಬಟ್ಟೆಯಂತೆ ಕಂಡಿತು, ತುಂಬಾ ಖುಷಿಯಾಯಿತು. ಬಲಗಡೆ ಹಳೆಯ ಉಂಗುರ ಹಾಗೇ ಇದೆ. ಅದನ್ನು ಕೆರೆಯಬೇಕಾ?

ಉತ್ತರ: ಕೆರೆಯಬೇಡಿ, ಕೆಳಗಿನ ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿದ ತಳಪದರ) ಕೂಡ ಏಳಬಹುದು. ಆ ಗೆರೆಯ ಮೇಲೆ ಮಾತ್ರ ಮೂಲ ಕೆಂಪನ್ನು ತೆಳುವಾಗಿ ಎರಡು ಸಲ ಹಚ್ಚಿ ಮುಚ್ಚಿ. ಪೂರ್ತಿ ಒಣಗಲಿ, ಆಮೇಲೆ ಅಲ್ಲಿಂದಲೇ ನೆರಳು ಶುರು ಮಾಡಿ.