ಒಳ್ಳೆಯ ಸ್ಪೀಕರ್, ಆದರೂ ಬೇಸ್ ಊದಿಕೊಳ್ಳುತ್ತಿದೆ: ಎಲ್ಲಿ ಇಡಲಿ?

ಮಂದ್ರ (ಪ್ರಶ್ನೆ):
ಬಹಳ ದಿನದ ಆಸೆ ಈಡೇರಿ, ನೆಲದ ಮೇಲೆ ನಿಲ್ಲುವ ತ್ರೀ-ವೇ ಸ್ಪೀಕರ್ ಜೋಡಿ ತಂದಿದ್ದೇನೆ: ತಗ್ಗು, ನಡು, ಮೇಲಿನ ಸ್ವರಗಳಿಗೆ ಬೇರೆ ಬೇರೆ ಡ್ರೈವರ್ (ಶಬ್ದ ಹೊರಡಿಸುವ ಘಟಕ). ಪೋರ್ಟ್ (ಪೆಟ್ಟಿಗೆಯ ಗಾಳಿಕಿಂಡಿ) ಹಿಂಬದಿಗಿದೆ. 4 ಓಮ್, ಸೆನ್ಸಿಟಿವಿಟಿ (ಇಂತಿಷ್ಟು ವಿದ್ಯುತ್ತಿಗೆ ಎಷ್ಟು ಜೋರು ಎಂಬ ಅಳತೆ) 86 ಡೆಸಿಬೆಲ್ ಅಂತ ಬರೆದಿದೆ. ಕೋಣೆ 5 ಮೀಟರ್ ಉದ್ದ, 3.6 ಮೀಟರ್ ಅಗಲ. 3.6 ಮೀಟರಿನ ಗೋಡೆಯಿಂದ 30 ಸೆಂ.ಮೀ. ಬಿಟ್ಟು ಸ್ಪೀಕರ್ ಇಟ್ಟು, ಎದುರು ಗೋಡೆಗೆ ತಾಗಿದ ಸೋಫಾದಲ್ಲಿ ಕೂತು ಕೇಳುತ್ತೇನೆ. ಬೇಸ್ ಗಿಟಾರಿನ ಒಂದೆರಡು ಸ್ವರ ಮಾತ್ರ ಕೋಣೆ ತುಂಬ ಗುಂಯ್ ಎನ್ನುತ್ತವೆ, ಪಕ್ಕದ ಸ್ವರ ಕೇಳಿಸುವುದೇ ಇಲ್ಲ. ಗಾಯಕಿಯ ದನಿ ನಡುವೆ ನಿಲ್ಲದೆ ಎಡಕ್ಕೆ ವಾಲುತ್ತದೆ. ಗೆಳೆಯರೊಬ್ಬರು ಕೇಬಲ್ ಬದಲಿಸು ಅಂತಾರೆ, ಇನ್ನೊಬ್ಬರು ಆಂಪ್ಲಿಫೈಯರ್ ಅಂತಾರೆ. ಯಾವುದು ಮೊದಲು?

ಶ್ರುತಿಪೆಟ್ಟಿಗೆ:
ಎರಡೂ ಬೇಡ. ಮೊದಲು ಸೋಫಾ ಸರಿಸಿ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 5 ಮೀಟರ್ ಉದ್ದದ ಕೋಣೆಯಲ್ಲಿ ಅರ್ಧ ತರಂಗ ಸರಿಯಾಗಿ ಕೂರುವುದು 34 ಹರ್ಟ್ಸ್ ಹತ್ತಿರ, ಪೂರ್ತಿ ತರಂಗ ಕೂರುವುದು 69ರ ಹತ್ತಿರ. ಆ ಕಂಪನಾಂಕಗಳ ಒತ್ತಡ ಅತಿ ಹೆಚ್ಚಿರುವುದು ಗೋಡೆಯ ಬುಡದಲ್ಲೇ, ಅಂದರೆ ಈಗ ನಿಮ್ಮ ತಲೆ ಇರುವ ಜಾಗದಲ್ಲಿ. ಸ್ಪೀಕರ್ ಕೂಡ ಇನ್ನೊಂದು ಗೋಡೆಯ ಹತ್ತಿರವೇ ಇದೆ. ಹಾಗಾಗಿ ಎಷ್ಟೇ ಬೆಲೆಯ ಸ್ಪೀಕರ್ ಇದ್ದರೂ ಆ ಸ್ವರ ಊದಲೇಬೇಕು. ಕೋಣೆಯ ನಟ್ಟನಡುವೆ ಕೂರುವುದೂ ಬೇಡ, ಅಲ್ಲಿ 34 ಹರ್ಟ್ಸ್ ಸತ್ತೇ ಹೋಗುತ್ತದೆ. ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ 1.9 ಮೀಟರ್ ಆಸುಪಾಸಿನಲ್ಲಿ ಕೂತು ಶುರು ಮಾಡಿ.

ಸ್ಪೀಕರನ್ನು ಎಷ್ಟು ಮುಂದೆ ತರಬೇಕು ಎಂದು ಲೆಕ್ಕ ಹಾಕುವಾಗ ಕ್ಯಾಬಿನೆಟ್ಟಿನ ಬೆನ್ನಿನಿಂದ ಅಳೆಯಬೇಡಿ, ವೂಫರ್ (ಬೇಸ್ ನುಡಿಸುವ ದೊಡ್ಡ ಡ್ರೈವರ್) ಕೋನಿನಿಂದ ಅಳೆಯಿರಿ. ಗೋಡೆಗೆ ಬಡಿದು ಮರಳುವ ಶಬ್ದ, ಆ ದೂರ ಕಾಲು ತರಂಗದಷ್ಟಾಗುವ ಕಂಪನಾಂಕದಲ್ಲಿ ನೇರ ಶಬ್ದವನ್ನು ಕತ್ತರಿಸುತ್ತದೆ. 70 ಸೆಂ.ಮೀ. ಇದ್ದರೆ 122 ಹರ್ಟ್ಸ್ ಸುತ್ತ ಗುಂಡಿ ಬೀಳುತ್ತದೆ (ಆ ಸ್ವರ ಕುಗ್ಗುತ್ತದೆ), 1.1 ಮೀಟರಿಗೆ 78ಕ್ಕೆ ಇಳಿಯುತ್ತದೆ. ನಾನಾದರೆ ವೂಫರನ್ನು ಸ್ಪೀಕರಿನ ಹಿಂಗೋಡೆಯಿಂದ 1.1 ಮೀಟರ್, ಪಕ್ಕದ ಗೋಡೆಯಿಂದ 70 ಸೆಂ.ಮೀ. ಇಡುತ್ತೇನೆ. ಎರಡೂ ದೂರ ಒಂದೇ ಆದರೆ ಎರಡು ಗುಂಡಿಯೂ ಒಂದೇ ಕಡೆ ಬೀಳುತ್ತವೆ. ಹೀಗಿಟ್ಟರೆ ಸ್ಪೀಕರುಗಳ ನಡುವೆ 2.2 ಮೀಟರ್ ಉಳಿಯುತ್ತದೆ. ನಿಮ್ಮ ಕಿವಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಸಮಬಾಹು ತ್ರಿಕೋನ.

ದನಿ ವಾಲುವುದಕ್ಕೆ ಟೇಪ್ ಹಿಡಿದು ಪ್ರತಿ ಟ್ವೀಟರಿನಿಂದ (ಮೇಲಿನ ಸ್ವರದ ಚಿಕ್ಕ ಡ್ರೈವರ್) ನಿಮ್ಮ ಮೂಗಿಗೆ ಅಳೆಯಿರಿ. ಸೆಂಟಿಮೀಟರ್ ವ್ಯತ್ಯಾಸವೂ ಇರಬಾರದು. ಆಮೇಲೆ ನೀವು ಕೂತಿರಿ, ಮನೆಯವರೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲಿ. ಎಲ್ಲಿ ಟ್ವೀಟರ್ ಕಾಣುತ್ತದೋ ಅಲ್ಲಿ ಮೊದಲ ಪ್ರತಿಫಲನ. ಒಂದು ಬದಿ ಬೋಳು ಗೋಡೆ, ಇನ್ನೊಂದು ಬದಿ ಪರದೆ ಇದ್ದರೆ ದನಿ ಒಂದು ಕಡೆಗೆ ಹೋಗುವುದು ಸಹಜ. ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಸ್ಪೈಕ್ (ಚೂಪು ಕಾಲು) ಹಾಕುವುದಾದರೆ ಜಾಗ ಖಚಿತವಾದ ಮೇಲೆ ಹಾಕಿ, ಮೇಲೆ ರಸಮಟ್ಟ ಇಟ್ಟು ನೋಡಿ. ಅಲ್ಲಿಯವರೆಗೆ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡುತ್ತ ಹೋಗಿ. ಟೋ-ಇನ್ ಕೊನೆಯ ಕೆಲಸ: ಒಮ್ಮೆಗೆ ಐದು ಡಿಗ್ರಿ ಒಳಮುಖ ತಿರುಗಿಸಿ, ಒಂದೇ ಹಾಡು ಕೇಳಿ, ಮತ್ತೆ ತಿರುಗಿಸಿ. ಆತುರ ಬೇಡ. ದನಿ ಗಟ್ಟಿಯಾಗಿ ನಡುವೆ ಬಂದು ನಿಂತಾಗ ನಿಮಗೇ ತಿಳಿಯುತ್ತದೆ.

ಕೇಬಲ್ ಮಾತಿಗೆ: 2.5 ಚ.ಮಿ.ಮೀ. ತಾಮ್ರದ ತಂತಿ 3 ಮೀಟರ್ ಎಳೆದರೆ ಹೋಗಿಬರುವ ರೋಧ ಸುಮಾರು 0.04 ಓಮ್, ನಿಮ್ಮ 4 ಓಮ್‌ಗೆ ಶೇ 1. ಅಷ್ಟು ಸಾಕು. ಕೆಂಪು-ಕಪ್ಪು ಅದಲುಬದಲಾಗಿದೆಯೇ, ಬಿಡಿ ಎಳೆಯೊಂದು ಪಕ್ಕದ ಟರ್ಮಿನಲ್ಲಿಗೆ ತಾಗಿದೆಯೇ ನೋಡಿ.

ತಂತಿಗಂಬಿ:
ಆಂಪ್ಲಿಫೈಯರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 86 ಡೆಸಿಬೆಲ್ ಎಂಬುದು 2.83 ವೋಲ್ಟಿಗೆ ಕೊಟ್ಟ ಲೆಕ್ಕವಾದರೆ, 4 ಓಮ್‌ಗೆ ಅದು 2 ವಾಟ್. 1 ವಾಟಿಗೆ 83 ಮಾತ್ರ. ಮೂರು ಡೆಸಿಬೆಲ್ ಏರಿಸಲು ಶಕ್ತಿ ಇಮ್ಮಡಿ, ಹತ್ತಕ್ಕೆ ಹತ್ತು ಪಟ್ಟು. ಆದ್ದರಿಂದ ಆಂಪ್ಲಿಫೈಯರಿನ ಕೈಪಿಡಿಯಲ್ಲಿ 4 ಓಮ್ ಓಡಿಸುತ್ತದೆ ಎಂದು ಬರೆದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಚಿಕ್ಕ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿ ಕ್ಲಿಪ್ ಮಾಡಿದರೂ (ತರಂಗದ ತುದಿ ಕತ್ತರಿಸಿಹೋದರೂ) ಟ್ವೀಟರ್ ಸುಡುತ್ತದೆ. ದನಿ ಒರಟಾಯಿತು ಅನ್ನಿಸಿದ ಕೂಡಲೇ ವಾಲ್ಯೂಮ್ ಇಳಿಸಿ. ಹಚ್ಚುವಾಗ ಆಂಪ್ಲಿಫೈಯರ್ ಕೊನೆಗೆ, ಆರಿಸುವಾಗ ಮೊದಲಿಗೆ.

ಹಳೇಕೋನ್:
ನಾನು ಹಳೆಯ ಸ್ಪೀಕರುಗಳನ್ನು ರಿಪೇರಿ ಮಾಡುವವನು, ಅದಕ್ಕೇ ಆರೈಕೆ ಬಗ್ಗೆ ಹೇಳುತ್ತೇನೆ. ಟ್ವೀಟರಿನ ಡೋಮ್ ಮುಟ್ಟಬೇಡಿ, ಬಟ್ಟೆಯಿಂದಲೂ ಒರೆಸಬೇಡಿ. ಮೆತ್ತನೆಯ ಬ್ರಷ್ ಕೋನಿನ ಮಟ್ಟಿಗೆ ಸಾಕು, ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತರಲೇಬೇಡಿ. ಮಕ್ಕಳಿರುವ ಮನೆಯಾದರೆ ಕೇಳದ ಹೊತ್ತಿನಲ್ಲಿ ಗ್ರಿಲ್ ಹಾಕಿಡಿ. ಮರದ ಹೊದಿಕೆಗೆ ನೇರ ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ, ಅದೂ ಒಂದೇ ಬದಿಗೆ. ಕೋನ್ ಸುತ್ತಲಿನ ಪಟ್ಟಿ ರಬ್ಬರಿನದೋ ಫೋಮಿನದೋ ನೋಡಿಕೊಳ್ಳಿ. ರಬ್ಬರ್ ದಶಕಗಟ್ಟಲೆ ಬಾಳುತ್ತದೆ, ಫೋಮ್ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಪುಡಿಯಾಯಿತೆಂದು ಡ್ರೈವರನ್ನು ಎಸೆಯಬೇಡಿ, ಪಟ್ಟಿಯನ್ನಷ್ಟೇ ಬದಲಿಸಬಹುದು. ಒಳ್ಳೆಯ ಕೋನ್ ಕಸಕ್ಕೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮಂದ್ರ:
ಎಲ್ಲರಿಗೂ ಧನ್ಯವಾದ. ಶ್ರುತಿಪೆಟ್ಟಿಗೆಯವರು ಹೇಳಿದಂತೆ ಇಟ್ಟೆ. ಊತ ತುಂಬಾ ಇಳಿಯಿತು, ದನಿ ನಡುವೆ ಬಂತು. ಮೈಕ್ ಹಿಡಿದು ರೂಮ್ ಇಕ್ಯೂ ವಿಜಾರ್ಡ್ ಎಂಬ ಅಳತೆಯ ತಂತ್ರಾಂಶದಲ್ಲಿ ಅಳೆದರೆ 69ರಲ್ಲಿ ಇನ್ನೂ ಒಂದು ಉಬ್ಬು, 80ರ ಹತ್ತಿರ ಆಳದ ಗುಂಡಿ. ಬೇಕಾದ ಕಂಪನಾಂಕವನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ ಎರಡನ್ನೂ ಸಮ ಮಾಡಲೇ?

ಶ್ರುತಿಪೆಟ್ಟಿಗೆ:
ಉಬ್ಬನ್ನು ತಗ್ಗಿಸಿ, ಅದಕ್ಕೆ ಈಕ್ವಲೈಜರ್ ಚೆನ್ನಾಗಿ ಕೆಲಸ ಮಾಡುತ್ತದೆ. ಗುಂಡಿಯನ್ನು ತುಂಬಲು ಹೋಗಬೇಡಿ. ಅದು ಹಿಂಗೋಡೆಯಿಂದ ಮರಳಿದ ಶಬ್ದ ಕತ್ತರಿಸಿದ ಜಾಗ. ನೇರ ಶಬ್ದ ಏರಿಸಿದಷ್ಟೂ ಮರಳುವ ಶಬ್ದವೂ ಏರುತ್ತದೆ, ಗುಂಡಿ ಅಲ್ಲೇ ಇರುತ್ತದೆ. 6 ಡೆಸಿಬೆಲ್ ಎತ್ತಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಸುರಿಯಬೇಕು, ವೂಫರ್ ಸುಮ್ಮನೆ ದಣಿಯುತ್ತದೆ. ಬದಲಿಗೆ ಎರಡೂ ಸ್ಪೀಕರನ್ನು ಹತ್ತು ಸೆಂ.ಮೀ. ಹಿಂದೆ ಸರಿಸಿ ಅಳೆಯಿರಿ, ಆಮೇಲೆ ಅಷ್ಟೇ ಮುಂದೆ. ಮೂರೂ ಗ್ರಾಫ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.