ಭೀಮನಿಗೆ ವಯಸ್ಸಾಗಿದೆ ವೈನಿ, ಕೆಲಸದ ಆಸೆ ಹೋಗಿಲ್ಲ

ವೈನಿ, ನಮಸ್ಕಾರ. ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಆಗ ಹೊಲದಲ್ಲಿದ್ದೆ, ನಮ್ಮ ನಾಯಿ ಭೀಮನ ಹಗ್ಗ ಕೈಯಲ್ಲಿತ್ತು. ಈಗ ಮನೆಗೆ ಬಂದು, ಚಹಾ ಕುಡಿದು ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳಿ.

ನಿನ್ನೆ ನಾನು ಈ ಗುಂಪಿನಲ್ಲಿ ಹಾಕಿದ ಭೀಮನ ತರಬೇತಿಯ ವಿಡಿಯೋ ನೋಡಿ ನೀವು ಎರಡು ಮಾತು ಕೇಳಿದಿರಿ. ಒಂಬತ್ತು ವರ್ಷದ ನಾಯಿ, ನೆರಳಲ್ಲಿ ಮಲಗಲಿ ಬಿಡು ಅಂದಿರಿ. ಆಮೇಲೆ, ಅದು ಒಬ್ಬ ಹುಡುಗನ ಕೈ ಕಚ್ಚುತ್ತಿದೆ, ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಬೀದರ್‌ನಿಂದ ಮಕ್ಕಳನ್ನು ಕರೆದುಕೊಂಡು ಬರೋದು ಹೇಗೆ ಅಂದಿರಿ. ಮಕ್ಕಳ ಮಾತು ಮೊದಲು ಮುಗಿಸುತ್ತೇನೆ.

ಆ ಹುಡುಗ ನಮ್ಮ ಟ್ರೇನರ್. ಕೈಗೆ ದಪ್ಪನೆಯ ಸೆಣಬಿನ ಸ್ಲೀವ್ ಹಾಕಿಕೊಂಡಿರುತ್ತಾನೆ. ಭೀಮ ಹಿಡಿಯುವುದು ಆ ಸ್ಲೀವ್ ಮಾತ್ರ. ಇದು ಜರ್ಮನಿಯಲ್ಲಿ ಶೆಫರ್ಡ್ ನಾಯಿಗಳ ಗುಣ ಪರೀಕ್ಷಿಸಲು ಶುರುವಾದ ಆಟ. ಮೊದಲು ಶುಟ್ಸ್‌ಹುಂಡ್ ಅನ್ನುತ್ತಿದ್ದರು, ಆಮೇಲೆ ಐಪಿಒ ಆಯಿತು, 2019ರಿಂದ ಐಜಿಪಿ. ಜಾಡು ಹಿಡಿಯುವುದು, ಹೇಳಿದ್ದು ಕೇಳುವುದು, ರಕ್ಷಣೆ. ಮೂರಕ್ಕೂ ತಲಾ 100 ಅಂಕ. ರಕ್ಷಣೆಯಲ್ಲಿ ನಾಯಿ ಅಡಗಿದವನನ್ನು ಹುಡುಕಬೇಕು, ಅವನು ಅಲುಗಾಡದೆ ನಿಂತಿದ್ದರೆ ಮುಟ್ಟದೆ ಎದುರಿಗೆ ನಿಂತು ಬೊಗಳಬೇಕು. ಕಚ್ಚಿದ ಮೇಲೆ ‘ಬಿಡು’ ಅಂದರೆ ಬಿಡಬೇಕು. ಮತ್ತೆ ಎರಡು ಸಲ ಹೇಳಿದರೂ ಬಿಡದಿದ್ದರೆ ನಾಯಿಯನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕುತ್ತಾರೆ. ಇದಕ್ಕೆ ಇಳಿಯುವ ಮೊದಲು ಬಿಎಚ್ ಅನ್ನುವ ಪರೀಕ್ಷೆ ಪಾಸಾಗಬೇಕು. ರಸ್ತೆಯಲ್ಲಿ, ಸೈಕಲ್ ಬಂದಾಗ, ಜನರ ನಡುವೆ ಶಾಂತವಾಗಿ ಇರುತ್ತದಾ ಅಂತ ನೋಡುತ್ತಾರೆ.

ನಾವು ಯಾವ ಸ್ಪರ್ಧೆಗೂ ಹೋದವರಲ್ಲ. ಆದರೆ ಕಲಿಸಿದ್ದು ಅದೇ ಕ್ರಮದಲ್ಲಿ. ಭೀಮ ಸಣ್ಣವನಿದ್ದಾಗ ದಿನಾ ಸಂಜೆ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಅಡ್ಡಾಡಿಸಿದ್ದು ಅದಕ್ಕೇ. ಅಂಜುಬುರುಕ ನಾಯಿಗೆ, ಸಿಟ್ಟಿನ ನಾಯಿಗೆ ಇದನ್ನು ಕಲಿಸಲೇಬಾರದು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆದರೂ ಮಕ್ಕಳು ಬಂದಾಗ ನಾನು ಪಕ್ಕದಲ್ಲೇ ಇರುತ್ತೇನೆ. ಅವನು ಉಣ್ಣುವಾಗ ಯಾರೂ ಹತ್ತಿರ ಹೋಗಬಾರದು, ಅಷ್ಟೇ.

ಈಗ ವಯಸ್ಸಿನ ಮಾತು. ಇದರಲ್ಲಿ ನೀವು ಹೇಳಿದ್ದು ಅರ್ಧ ಸರಿ ವೈನಿ. ಹೋದ ವರ್ಷ ಚಳಿಗಾಲದಲ್ಲಿ ನಾನೇ ತಪ್ಪು ಮಾಡಿದೆ. ಅವನ ಹುರುಪು ನೋಡಿ ಒಂದು ಮೀಟರ್ ಹರ್ಡಲ್ ಮೂರು ಸಲ ಹಾರಿಸಿದೆ. ಮರುದಿನ ಎದ್ದು ನಿಲ್ಲಲು ಒದ್ದಾಡಿದ, ಹಿಂದಿನ ಬಲಗಾಲು ಊರಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಸೊಂಟದ ಕೀಲು ಸವೆದಿರುವುದು ಗೊತ್ತಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. (ಕಾಕಾ ಆಗ ತಮ್ಮ ನೋವಿನ ಗುಳಿಗೆ ಕೊಡು ಅಂದಿದ್ದರು. ಗುಂಪಿನಲ್ಲಿ ನಾಯಿ ಸಾಕಿದವರು ಕೇಳಿ: ನಮ್ಮ ಐಬುಪ್ರೊಫೆನ್ ನಾಯಿಗೆ ವಿಷ. ಡಾಕ್ಟರ್ ಬರೆದುಕೊಟ್ಟಿದ್ದನ್ನೇ ಕೊಡಿ.)

ಎರಡು ತಿಂಗಳು ಎಲ್ಲ ನಿಲ್ಲಿಸಿದೆ. ಆಗ ಅವನು ಹೇಗಿದ್ದ ಗೊತ್ತಾ? ಬೆಳಿಗ್ಗೆ ಐದಕ್ಕೆ ಎದ್ದು, ಸ್ಲೀವ್ ಇಟ್ಟ ಚೀಲದ ಮುಂದೆ ಹೋಗಿ ಮಲಗುತ್ತಿದ್ದ. ನನ್ನ ಮುಖ ನೋಡುತ್ತಿದ್ದ. ಊಟವೂ ಅರ್ಧ ಬಿಡುತ್ತಿದ್ದ. ಹುಟ್ಟಿದಾಗಿನಿಂದ ಕೆಲಸ ಮಾಡಿದ ಜೀವ ಅದು. ಡಾಕ್ಟರೇ ಹೇಳಿದರು, ಹಗುರವಾಗಿ ಶುರು ಮಾಡಿ, ಸುಮ್ನೆ ಮಲಗಿಸಿದರೆ ಕಾಲಿನ ಬಲವೂ ಹೋಗುತ್ತದೆ ಅಂತ.

ಈಗ ಹಾರುವುದು ಪೂರ್ತಿ ಬಂದ್. ದೂರದಿಂದ ಓಡಿಬಂದು ಡಿಕ್ಕಿ ಹೊಡೆದು ಕಚ್ಚುವುದೂ ಬಂದ್, ಅದರಲ್ಲಿ ಕುತ್ತಿಗೆಗೂ ಬೆನ್ನಿಗೂ ಜಾಸ್ತಿ ಪೆಟ್ಟು. ಹತ್ತು ನಿಮಿಷ ನಡೆಸಿ ಮೈ ಬೆಚ್ಚಗಾದ ಮೇಲೆ, ಟ್ರೇನರ್ ಹತ್ತಿರದಲ್ಲೇ ನಿಂತು ಸ್ಲೀವ್ ತಗ್ಗಿಸಿ ಹಿಡಿಯುತ್ತಾನೆ. ಭೀಮನ ಕೋರೆಹಲ್ಲು ಸವೆದಿವೆ, ಅದಕ್ಕೇ ಮೆತ್ತನೆಯ ಸ್ಲೀವ್ ತಂದಿದ್ದೇವೆ. ಕಿವಿಯೂ ಮಂದವಾಗಿದೆ. ‘ಬಿಡು’ ಅನ್ನುವುದರ ಜೊತೆಗೆ ಕೈ ಎತ್ತುವುದನ್ನು ಕಲಿಸಿದೆ, ನಾಲ್ಕು ದಿನದಲ್ಲಿ ಕಲಿತುಬಿಟ್ಟ! ವಾರಕ್ಕೊಮ್ಮೆ, ಎರಡೋ ಮೂರೋ ಹಿಡಿತ, ಸಾಕು. ಕೊನೆಯಲ್ಲಿ ಸ್ಲೀವ್ ಅವನಿಗೇ ಬಿಟ್ಟುಕೊಡುತ್ತೇವೆ. ಅದನ್ನು ಬಾಯಲ್ಲಿ ಹಿಡಿದು, ತಲೆ ಎತ್ತಿಕೊಂಡು ಗಾಡಿಯ ತನಕ ನಡೆದು ಬರುತ್ತಾನೆ. ವಿಡಿಯೋದ ಕೊನೆಯಲ್ಲಿ ಅದೇ ಇದೆ, ಇನ್ನೊಮ್ಮೆ ನೋಡಿ.

ಈಗ ಅವನ ನಿಜವಾದ ಕೆಲಸ ಅಂದರೆ ಜಾಡು. ಮೂಗಿಗೆ ವಯಸ್ಸಾಗಿಲ್ಲ. ಆಳಂದ ರಸ್ತೆ ಕಡೆ ಗೆಳೆಯನ ಹೊಲವಿದೆ, ಕಪ್ಪು ಎರೆ ಮಣ್ಣು. ತೊಗರಿ ಕೊಯ್ದ ಹೊಲಕ್ಕೆ ಬಿಡುವುದಿಲ್ಲ, ಕೂಳೆ ಪಾದಕ್ಕೆ ಚುಚ್ಚುತ್ತದೆ. ಹರಗಿದ ಹೊಲ ಒಳ್ಳೆಯದು. ಇಬ್ಬನಿ ಆರುವ ಮೊದಲು ನಾನು 300 ಹೆಜ್ಜೆ ನಡೆದು, ನಡುವೆ ಒಂದೆರಡು ವಸ್ತು ಬಿಟ್ಟು ಬರುತ್ತೇನೆ. 20 ನಿಮಿಷ ಕಾಯುತ್ತೇನೆ. ತುಳಿದ ಮಣ್ಣಿನ ವಾಸನೆ ಬೇರೆ ಆಗಿರುತ್ತದೆ, ಅದನ್ನೇ ಹಿಡಿದು ಅವನು ಮೆಲ್ಲಗೆ ಹೋಗುತ್ತಾನೆ. ಹತ್ತು ಮೀಟರ್ ಹಗ್ಗ ಹಿಡಿದು ನಾನು ಹಿಂದೆ. ವಸ್ತು ಸಿಕ್ಕ ಕೂಡಲೇ ಅದರ ಮುಂದೆ ಮಲಗುತ್ತಾನೆ. ಕಾಲಿಗೆ ಭಾರವಿಲ್ಲ, ತಲೆಗೆ ಕೈತುಂಬ ಕೆಲಸ. ಏಪ್ರಿಲ್, ಮೇ ಬಂದರೆ ಇಲ್ಲಿ 42 ಡಿಗ್ರಿ, ಆಗ ಬಿಸಿಲೇರುವ ಮೊದಲೇ ವಾಪಸ್.

ಜಾತ್ರೆ ಹೊತ್ತಿಗೆ ಬೆಳಿಗ್ಗೆ ಇನ್ನೂ ತಂಪು ಇರುತ್ತದೆ. ನಿಮ್ಮ ಸಣ್ಣವನಿಗೆ ಒಂದು ಹಳೆ ಸಾಕ್ಸ್ ತರಲು ಹೇಳಿ. ಹೊಲದಲ್ಲಿ ಅವನೇ ಜಾಡು ಹಾಕಿ ಅದನ್ನು ಬಿಟ್ಟು ಬರಲಿ. ಭೀಮ ಹುಡುಕುವುದನ್ನು ಅಣ್ಣನ ಪಕ್ಕ ನಿಂತು ನೋಡಲಿ.